ದಾರಿ ಇಟ್ಟವನು ಕಡೆ ಆರಿಸುವಂತಿಲ್ಲ

ಚದುರಂಗದ ಮಣೆಯ ಮೇಲೆ ಗುಡ್ಡವಿಲ್ಲ, ಹಳ್ಳವಿಲ್ಲ, ದಾರಿಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದಲ್ಲೇ, ಈ ಆಟದ ವಿವರ ಬಂದಿದೆ. ಆನೆ, ಕುದುರೆ, ಕಾಲಾಳು ಎಲ್ಲ ಉಂಟು. ನೆಲ ಮಾತ್ರ 64 ಮನೆಗಳ ಚಪ್ಪಟೆ ಬಯಲು. ನಮ್ಮ ಯಗಟಿ ಕಡೆ ಕಲ್ಲುಜಗಲಿಯ ಮೇಲೆ ಆಡುವ ಹುಲಿ-ಕುರಿ ಆಟ ಇದಕ್ಕೆ ತದ್ವಿರುದ್ಧ. ಅಲ್ಲಿರುವುದೆಲ್ಲ ದಾರಿಯೇ. ಗೆರೆ ಇದ್ದ ಕಡೆ ಹುಲಿ ಹಾರೀತು. ಗೆರೆ ಇಲ್ಲದಿದ್ದರೆ ಕುರಿ ಪಕ್ಕದಲ್ಲೇ ನಿಂತಿದ್ದರೂ ಬಾಯಿ ಚಪ್ಪರಿಸಿಕೊಂಡು ಕೂರಬೇಕು. ಆದರೆ ಆ ಗೆರೆಗಳನ್ನು ಯಾವ ಕಾಲದಲ್ಲೋ ಯಾರೋ ಕೆತ್ತಿ ಹೋಗಿದ್ದಾರೆ. ಆಡುವವರಿಗೆ ಅವುಗಳ ಮೇಲೆ ಅಧಿಕಾರವಿಲ್ಲ.

ನೆಲವನ್ನೂ ಆಟಗಾರರೇ ಹಾಸಿಕೊಂಡು ಆಡುವ ಯುದ್ಧದಾಟ ಒಂದಿದೆ ಎಂದು ನನಗೆ ತೋರಿಸಿಕೊಟ್ಟವನು ಬೆಂಗಳೂರಿನಲ್ಲಿರುವ ಅಣ್ಣನ ಮಗ. ದಸರಾ ರಜೆಗೆ ಬಂದವನು ಸ್ವೀಟ್ ಡಬ್ಬಿಯ ತುಂಬ ಹೆಬ್ಬೆರಳ ಉಗುರಿನೆತ್ತರದ ಸೈನಿಕರನ್ನು ತಂದಿದ್ದ. ಆಟದ ಹೆಸರು ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. ನಾಲಿಗೆ ಹೊರಳದಿದ್ದರೆ ಡಿ.ಬಿ.ಎ. ಅನ್ನಿ. 1990ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ನಿಯಮಗಳು. ಪ್ರಾಚೀನ ಕಾಲದಿಂದ ಸುಮಾರು 1500ರವರೆಗಿನ ಯುದ್ಧಗಳಿಗೆ ಹೊಂದುತ್ತವೆ. ಒಬ್ಬೊಬ್ಬರಿಗೆ 12 ತುಕಡಿ, ಆಡಲು ಎರಡಡಿ ಚೌಕದ ಹಲಗೆ. ನಮ್ಮ ಮಕ್ಕಳು ಒಂದು ಪಡೆಗೆ ಹೊಯ್ಸಳ, ಇನ್ನೊಂದಕ್ಕೆ ಸೇವುಣ ಎಂದು ಹೆಸರಿಟ್ಟರು.

ಈ ಆಟದಲ್ಲಿ ನೆಲ ಹಾಸುವವನು ನಾಡನ್ನು ಕಾಯುವವನು, ದಂಡೆತ್ತಿ ಬಂದವನಲ್ಲ. ಅವನ ನಾಡು ಎಂಥದೋ ನೆಲವೂ ಅಂಥದೇ. ನನ್ನ ಮಗಳು ಹೊಯ್ಸಳರ ಪರವಾಗಿ ಗುಡ್ಡಕ್ಕೆ ತೆಂಗಿನ ಕರಟ, ಕಾಡಿಗೆ ತೆಂಗಿನ ನಾರು, ಹಳ್ಳಕ್ಕೆ ನೀಲಿ ರಿಬ್ಬನ್, ದಾರಿಗೆ ಗೋಣಿಚೀಲದ ಪಟ್ಟಿ ಹೊಂದಿಸಿದಳು. ಬಾಸೂರು ಕಾವಲಿನಂಥ ಹುಲ್ಲುಬಯಲೂ ಇರಲಿ ಎಂದು ಒಂದು ಮೂಲೆಗೆ ಹಸಿರು ಬಟ್ಟೆ ಬೇರೆ. (ಹೈದರಾಲಿಯ ತೋಪುಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಕಾವಲು ಅಲ್ಲವೆ, ಆ ಮಟ್ಟಿಗೆ ಅದು ಯುದ್ಧಭೂಮಿಗೆ ನೆಂಟ.) ಕರಟಗಳೆಲ್ಲ ತನ್ನ ಕಡೆಗೇ. ದಾರಿ ತನ್ನ ಅಂಚಿನಿಂದ ಹೊರಟು ಹಲಗೆಯ ನಡುವೆ ನಿಂತುಹೋಯಿತು. ಅಣ್ಣನ ಮಗ ಅವಳು ಮುಗಿಸುವವರೆಗೆ ಸುಮ್ಮನಿದ್ದು, “ಸರಿ, ಈಗ ನಾನು ಆ ಕಡೆಯಿಂದ ಆಡ್ತೀನಿ” ಎಂದು ಹಲಗೆಯನ್ನೇ ತಿರುಗಿಸಿಬಿಟ್ಟ!

“ಚಿಕ್ಕಪ್ಪ, ಇದು ಮೋಸ ಅಲ್ಲ, ಹಳೇ ನಿಯಮ” ಎಂದು ನನಗೆ ವಿವರಿಸಿದ. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಬರೆದದ್ದಂತೆ. ಒಬ್ಬ ನೆಲ ಹಾಸಬೇಕು, ಎರಡನೆಯವನು ತನಗೆ ಬೇಕಾದ ಕಡೆ ಆರಿಸಿಕೊಳ್ಳಬೇಕು. ವೆಲ್ಸ್ ಎಂದರೆ ಕಾಲಯಂತ್ರದ ಕತೆ ಬರೆದವನೇ. ಅವನೂ ಬಿ.ಎಸ್ಸಿ., ಕೆಲ ಕಾಲ ವಿಜ್ಞಾನದ ಮೇಷ್ಟರು. ನನಗೆ ಸ್ವಲ್ಪ ಅಭಿಮಾನ ಹುಟ್ಟಿತು. ಎರಡನೆಯ ಆಟಕ್ಕೆ ಮಗಳು ನೆಲ ಹಾಸಲು ಮುಕ್ಕಾಲು ಗಂಟೆ ತೆಗೆದುಕೊಂಡಳು. ಈ ಕಡೆ ನಿಂತು ನೋಡುವುದು, ಆ ಕಡೆ ಹೋಗಿ ಬಗ್ಗಿ ನೋಡುವುದು.

ಅವಳನ್ನು ಹೆಚ್ಚು ಕಾಡಿದ್ದು ದಾರಿ. ಗುಡ್ಡದ ಲಾಭ ಅದರ ಮೇಲೆ ನಿಂತವನಿಗೆ ಮಾತ್ರ. ದಾರಿಯಾದರೆ ಇಬ್ಬರಿಗೂ. ಒಂದರ ಹಿಂದೊಂದು ಸಾಲಾಗಿ ಹೊರಟ ತುಕಡಿಗಳು ಕಾಡಿನ ನಡುವೆಯೂ ಸರಸರ ಸಾಗುತ್ತವೆ. ಆದರೆ ಎದುರಾಳಿ ಅಡ್ಡಗಟ್ಟಿದರೆ ಹೊಡೆದಾಡುವುದು ಮುಂದಿನ ತುಕಡಿ ಒಂದೇ. ಕೊನೆಗೆ ಮಕ್ಕಳೇ ಒಂದು ಕಟ್ಟಳೆ ಮಾಡಿಕೊಂಡರು: ದಾರಿ ಅಂಚಿನಿಂದ ಅಂಚಿಗೆ ಹೋಗಬೇಕು, ನಡುವೆ ಸಾಯಕೂಡದು.

ಪಕ್ಕದಲ್ಲಿ ಅಡಿಕೆ ಅಗಿಯುತ್ತ ಕೂತಿದ್ದ ಅಣ್ಣ ಇದನ್ನು ಕೇಳಿ ನನ್ನ ಮುಖ ನೋಡಿದ. ಇಬ್ಬರಿಗೂ ನೆನಪಾದದ್ದು ಒಂದೇ.

1998ರಲ್ಲಿ ಅಪ್ಪನ ಆರು ಎಕರೆ ಖುಷ್ಕಿ ನಮ್ಮ ಮೂವರಿಗೆ ಪಾಲಾಯಿತು. ಹಿರಿಯ ಪಾಲು ಮಾಡುವುದು, ಕಿರಿಯ ಮೊದಲು ಆರಿಸುವುದು ಹಳೆಯ ಪದ್ಧತಿ. ಜಮೀನು 600 ಅಡಿ ಉದ್ದ, 435 ಅಡಿ ಅಗಲ. ಪೂರ್ವದ ಅಂಚಿಗೆ ಮಾತ್ರ ಟಾರು ರಸ್ತೆ. ಉದ್ದಕ್ಕೆ ಸೀಳಿದರೆ ಉಳುವಾಗ ಎತ್ತು ತಿರುಗಿಸುವುದೇ ಕೆಲಸವಾದೀತೆಂದು ಅಣ್ಣ ಅಡ್ಡಕ್ಕೆ ಮೂರು ಪಾಲು ಮಾಡಿದ. ಹಿಂದಿನ ಎರಡಕ್ಕೆ ದಾರಿ ಬೇಕಲ್ಲ? ಬಡಗಣ ಬದುವಿನ ಗುಂಟ ಹಗ್ಗ ಹಿಡಿದು ಒಂಬತ್ತು ಅಡಿಯ ಬಂಡಿದಾರಿ ಬಿಟ್ಟ. ಮೂರನೆಯ ಪಾಲು ಶುರುವಾಗುವಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಪಡುವಣ ಗಡಿಕಲ್ಲಿನವರೆಗೂ ಎಳೆದ, ಮೂರು ಪಾಲಿಗೂ ಸಮನಾಗಿ ಜಾಗ ಹೋಗಲಿ ಎಂದು. ಒಟ್ಟು 5400 ಚದರಡಿ, ಗುಂಟೆಗೆ 1089ರಂತೆ ಹೆಚ್ಚುಕಮ್ಮಿ ಐದು ಗುಂಟೆ. “ಐದು ಗುಂಟೆ ರಾಗಿ ಮಣ್ಣುಪಾಲು” ಎಂದು ಸೋದರಮಾವ ಗೊಣಗಿದರು. ಅಣ್ಣನ ಉತ್ತರ, “ನನಗೆ ಯಾವುದು ಉಳಿಯುತ್ತೋ ನನಗೇ ಗೊತ್ತಿಲ್ಲವಲ್ಲ ಮಾವ.”

ತಮ್ಮ ರಸ್ತೆ ಬದಿಯದನ್ನು ಆರಿಸಿದ, ನಾನು ನಡುವಿನದನ್ನು. ಅಣ್ಣನಿಗೆ ಹಿಂದಿನದು ಉಳಿಯಿತು.

ನಮ್ಮ ಬದುವಿನಾಚೆಯ ಜಮೀನೊಂದರಲ್ಲಿ ಪಾಲಿನ ಪತ್ರದೊಳಗೆ ದಾರಿಯ ಮಾತೇ ಇರಲಿಲ್ಲ. ಮುಂದಿನವರು ತಂತಿಬೇಲಿ ಹಾಕಿದರು, ಹಿಂದಿನವರದು ಬೀಳುಬಿತ್ತು. ಪಾಲಾದ ಜಮೀನಿಗೆ ಬೇರೆ ದಾರಿಯೇ ಇಲ್ಲದಿದ್ದರೆ 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ದಾರಿ ಕೇಳಬಹುದು, ನಿಜ. ಕೇಳಿದ್ದಾರೆ ಕೂಡ. ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಕಡೂರಿಗೆ ಹೋಗಿ, ವಾಯಿದೆ ಹಾಕಿಸಿಕೊಂಡು, ಒಂದೇ ಬಸ್ಸಿನಲ್ಲಿ ಮಾತಿಲ್ಲದೆ ವಾಪಸು ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಮ್ಮ ತಮ್ಮ 2019ರಲ್ಲಿ ತನ್ನ ಪಾಲನ್ನು ಹೊರಗಿನವರಿಗೆ ಮಾರಿದ. ಕೊಂಡವರೂ ಬೇಲಿ ಹಾಕಿದರು, ಆದರೆ ಒಂಬತ್ತು ಅಡಿ ಬಿಟ್ಟು. ಪತ್ರದ ಚೆಕ್ಕುಬಂದಿಯಲ್ಲಿ ದಾರಿ ಬರೆದಿತ್ತು. ಅಣ್ಣ ಈಗ ಹಿಂದಿನ ಪಾಲಿಗೆ ತೆಂಗು ಹಾಕಿದ್ದಾನೆ. ಕಾಯಿ ಅದೇ ದಾರಿಯಲ್ಲಿ ಬರುತ್ತದೆ.

ಹೊಸ ತಾಪತ್ರಯವೆಂದರೆ ಯಂತ್ರಗಳದು. ಅಣ್ಣ ಹಗ್ಗ ಹಿಡಿದಾಗ ಕಣ್ಣೆದುರು ಇದ್ದದ್ದು ಎತ್ತಿನ ಬಂಡಿ. ನನ್ನ ಪಾಲಿನ ರಾಗಿಗೆ ಕಟಾವಿನ ಯಂತ್ರ ಕರೆಸಿದರೆ ಅದು ಬೇಲಿಯ ಬಾಯಲ್ಲೇ ನಿಲ್ಲುತ್ತದೆ. ಇನ್ನು ಮೂರು ಅಡಿ ಬೇಕು. 200 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಅರ್ಧ ಗುಂಟೆಗಿಂತ ಚೂರು ಹೆಚ್ಚು. ಬದಲಿಗೆ ದುಡ್ಡು ಕೊಡೋಣ, ಇಲ್ಲ ನನ್ನ ಬಾವಿಯಿಂದ ನೀರು ಬಿಡೋಣ ಎಂದು ಯೋಚಿಸಿದ್ದೇನೆ. ಯಾರು ಹೋಗಿ ಕೇಳುವುದು ಎನ್ನುವುದೇ ತೀರ್ಮಾನವಾಗಿಲ್ಲ. “ಮೇಷ್ಟ್ರ ಮಾತಿಗೆ ಬೆಲೆ ಜಾಸ್ತಿ, ನೀನೇ ಹೋಗು” ಎನ್ನುತ್ತಾನೆ ಅಣ್ಣ.