ಕ್ಯಾಮರಾದ ಮಡಿ

ನಮ್ಮ ಮನೆಯಲ್ಲಿ ಮಡಿ ಎಂಬುದು ಇದ್ದದ್ದು ಎರಡೇ ವಸ್ತುಗಳಿಗೆ. ಒಂದು, ಅಮ್ಮನ ಉಪ್ಪಿನಕಾಯಿ ಜಾಡಿ. ಇನ್ನೊಂದು, ನನ್ನ ಡಿಜಿಟಲ್ ಕ್ಯಾಮರಾ. ಜಾಡಿಯನ್ನು ನಾನು ಮುಟ್ಟುವಂತಿರಲಿಲ್ಲ. ಕ್ಯಾಮರಾವನ್ನು ಅವಳು ಮುಟ್ಟುವಂತಿರಲಿಲ್ಲ. ಹೀಗೆ ತಾಯಿಮಕ್ಕಳು ಒಬ್ಬರ ಗಡಿಯನ್ನು ಇನ್ನೊಬ್ಬರು ದಾಟದೆ ಕೆಲವು ಕಾಲ ಸುಖವಾಗಿಯೇ ಇದ್ದೆವು.

ಕ್ಯಾಮರಾ ಕೊಂಡದ್ದು 2011ರಲ್ಲಿ. ಕನ್ನಡ ಮೇಷ್ಟರಿಗೆ ಅದೇಕೆ ಎಂದು ಕೇಳಿದವರಿಗೆ, ಶಾಸನಗಳ ಚಿತ್ರ ತೆಗೆಯುವುದಕ್ಕೆ ಎಂದೆ. ನಿಜ ಹೇಳಬೇಕೆಂದರೆ, ಆಸೆಗೆ ಕಾರಣ ಬೇಕಾಗಿರಲಿಲ್ಲ. ಕಾರಣವನ್ನು ಆಮೇಲೆ ಹುಡುಕಿಕೊಂಡೆ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಾಗಿತ್ತು. ನನ್ನದು ಅಂಗೈ ತುಂಬುವಷ್ಟು. ಅದರ ಬಗೆಗಿನ ಭಯ ಮಾತ್ರ ಮಣದ ತೂಕದ್ದು.

ಭಯವಿದ್ದವನು ಮಾಡುವುದೇನು? ಬಚ್ಚಿಡುತ್ತಾನೆ. ನಾನೂ ಅದನ್ನು ಚರ್ಮದ ಚೀಲದಲ್ಲಿಟ್ಟು, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಪಕ್ಕದಲ್ಲಿ ಮಲಗಿಸಿದೆ. ನಾವಿರುವುದು ತೀರ್ಥಹಳ್ಳಿಯಲ್ಲಿ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಒಗೆದ ಪಂಚೆ ಒಣಗುವುದಕ್ಕೆ ನಾಲ್ಕು ದಿನ. ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ದೀಪಾವಳಿಗೆ ಕ್ಯಾಮರಾ ಹೊರತೆಗೆದು ನೋಡುತ್ತೇನೆ, ಲೆನ್ಸಿನೊಳಗೆ ಜೇಡ ನೇಯ್ದಂತೆ ಸಣ್ಣ ಬಿಳಿಯ ಎಳೆಗಳು! ಒರೆಸಿದರೆ ಹೋಗದು.

ಅಮ್ಮ ಕನ್ನಡಕ ಏರಿಸಿಕೊಂಡು, ದೂರದಿಂದಲೇ ನೋಡಿದಳು. "ಬೂಷ್ಟು ಕಣೋ ಇದು. ಮೂವತ್ತು ವರ್ಷದಿಂದ ನನ್ನ ಜಾಡಿಗೆ ಒಂದು ಸಲ ಬಂದಿಲ್ಲ. ನಿನ್ನ ಯಂತ್ರಕ್ಕೆ ಒಂದೇ ಮಳೆಗಾಲಕ್ಕೆ ಬಂತು ನೋಡು" ಎಂದಳು.

ಬೆಂಗಳೂರಿನಲ್ಲಿ ಅದನ್ನು ಬಿಚ್ಚಿ ಶುದ್ಧಮಾಡಿಕೊಟ್ಟವನು ಹೇಳಿದ್ದೂ ಅದೇ. ತೇವ, ಕತ್ತಲೆ, ಆಡದ ಗಾಳಿ, ಈ ಮೂರು ಸೇರಿದರೆ ಬೂಷ್ಟಿಗೆ ಹಬ್ಬ. ಹೆಚ್ಚು ಕಾಲ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಚರ್ಮದ ಚೀಲ ತೇವ ಹೀರುತ್ತದೆ. ನುಸಿಗುಳಿಗೆಯ ಆವಿ ಒಳ್ಳೆಯದಲ್ಲ. ಮುಚ್ಚಳ ಬಿಗಿಯಾದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ಲಿನ ಹರಳು, ತೇವಾಂಶ ಶೇಕಡ 40ರಿಂದ 50, ಇಷ್ಟಿದ್ದರೆ ಸಾಕು. ಹರಳಿನ ಬಣ್ಣ ಬದಲಾಯಿತೆಂದರೆ ನೀರು ಕುಡಿದಿದೆ ಎಂದರ್ಥ. ಹದವಾಗಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಗಾಗ ಹೊರಗೆ ತೆಗೆದು ಉಪಯೋಗಿಸಬೇಕು.

ಅಮ್ಮನಿಗೆ ಇದನ್ನು ಒಪ್ಪಿಸಿದೆ. ಅವಳು ನಕ್ಕಳು. ಒದ್ದೆ ಕೈ ಕೂಡದು, ಒಣಗಿದ ಸೌಟು, ಬಾಯಿಗೆ ಬಟ್ಟೆ, ಆಗಾಗ ಮುಚ್ಚಳ ತೆಗೆದು ನೋಡುವುದು. ಇಷ್ಟು ಕಲಿಯುವುದಕ್ಕೆ ಬೆಂಗಳೂರಿಗೆ ಹೋಗಬೇಕೆ?

ಒಂದು ವಿಷಯದಲ್ಲಿ ಮಾತ್ರ ಜಗಳವಾಯಿತು. ಕ್ಯಾಮರಾವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡು ಎಂದಳು. ಅಕ್ಕಿಯ ಹುಡಿ ಒಳಗೆ ನುಗ್ಗುತ್ತದೆ, ಬೇಡ ಎಂದೆ. ಹುಡಿಯ ವಿಚಾರದಲ್ಲಿ ನಾನೇನು ಸಾಧುವಲ್ಲ. ಲೆನ್ಸನ್ನು ಬಾಯಿಂದ 'ಉಫ್' ಎಂದು ಊದಿ, ಪಂಚೆಯ ಅಂಚಿನಿಂದ ಉಜ್ಜುವುದು ನನ್ನ ಪದ್ಧತಿ. ಉಸಿರಿನ ಜೊತೆ ಎಂಜಲು ಹೋಗುತ್ತದೆ, ಪಂಚೆಯ ಜೊತೆ ಮರಳಿನ ಕಣ ಗಾಜನ್ನು ಗೀರುತ್ತದೆ ಎಂದು ತಿಳಿದ ಮೇಲೆ, ರಬ್ಬರಿನ ಊದುಬುರುಡೆ ತಂದೆ. ಮೊದಲು ಅದರಿಂದ ಧೂಳು ಹಾರಿಸಿ, ಆಮೇಲೆ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಒರೆಸುವುದು ಕ್ರಮ.

2014ರ ಮಾರ್ಚಿನಲ್ಲಿ ಅಪ್ಪೆಮಿಡಿ ಬಂತು. ಅಮ್ಮ ಜಗಲಿಯಲ್ಲಿ ಕುಳಿತು, ತೊಟ್ಟು ಮುರಿಯದ ಮಿಡಿಗಳನ್ನು ಆರಿಸುತ್ತಿದ್ದಳು. ಚಿತ್ರ ತೆಗೆಯಲೇ ಎಂದೆ. ಏನೆನ್ನಿಸಿತೋ, ಜಾಡಿಯ ಹತ್ತಿರ ಬರಗೊಟ್ಟಳು. ಉಪ್ಪು ಹರಡುವ ಕೈ, ಬಟ್ಟೆ ಬಿಗಿಯುವ ಬೆರಳು, ಎಲ್ಲ ಸೇರಿ ನಲವತ್ತೆರಡು ಚಿತ್ರ. ನನಗೂ ಔದಾರ್ಯ ಬಂತು. ಕ್ಯಾಮರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ, "ನೀನೊಂದು ತೆಗಿ ಅಮ್ಮ" ಎಂದೆ. ತೆಗೆದಳು. ತೆಗೆಯುವಾಗ ಲೆನ್ಸಿನ ಮೇಲೆ ಹೆಬ್ಬೆರಳು ಊರಿದ್ದಳು. ನಾನು ಕ್ಯಾಮರಾ ಕಸಿದುಕೊಂಡು, ಅವಳೆದುರಿಗೇ ಆ ಗುರುತನ್ನು ಒರೆಸಿದೆ.

ಚಿತ್ರಗಳನ್ನು ನಾಳೆ ಕಂಪ್ಯೂಟರಿಗೆ ಇಳಿಸೋಣವೆಂದುಕೊಂಡೆ. ಕಾರ್ತಿಕದಲ್ಲಿ ಅಮ್ಮ ತೀರಿಕೊಂಡಳು.

ಮಾರನೆಯ ಜನವರಿಯಲ್ಲಿ ವಿದ್ಯಾರ್ಥಿಗಳೊಡನೆ ಹಂಪಿಗೆ ಹೋದೆ. ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಒಂದು ಸಣ್ಣ ಕಂಡಿಯ ಮೂಲಕ ಕತ್ತಲೆಯ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬ್ಯಾಟರಿಯಿಲ್ಲ, ಕಾರ್ಡಿಲ್ಲ, ಲೆನ್ಸೂ ಇಲ್ಲ. ನೂರಾರು ವರ್ಷಗಳಿಂದ ಕೆಡದ ಕ್ಯಾಮರಾ ಅದು! ನನ್ನದು ಅಲ್ಲಿಯೇ ಕೈಕೊಟ್ಟಿತು. ಬಸ್ಸಿನಲ್ಲಿ ಕೆಂಪು ದೀಪ ಮಿನುಗುತ್ತಿದ್ದಾಗಲೇ ಬ್ಯಾಟರಿ ಕಿತ್ತಿದ್ದೆ; ಕಾರ್ಡು ಕೆಟ್ಟಿತ್ತು. 'ಫಾರ್ಮ್ಯಾಟ್ ಮಾಡಲೇ?' ಎಂದು ಕ್ಯಾಮರಾ ಕೇಳಿತು. ವಿದ್ಯಾರ್ಥಿಗಳ ಮುಂದೆ ಅಜ್ಞಾನ ತೋರಿಸಿಕೊಳ್ಳಲು ಯಾವ ಮೇಷ್ಟರಿಗೆ ಮನಸ್ಸಾದೀತು? ತಿಳಿದವನಂತೆ 'ಸರಿ' ಎಂದು ಒತ್ತಿದೆ. ಸಂಜೆಯವರೆಗೆ ಉತ್ಸಾಹದಿಂದ ಗೋಪುರ, ರಥ, ಕಂಬಗಳ ಚಿತ್ರ ತೆಗೆದೆ. ಆ 'ನಾಳೆ' ಬಂದೇ ಇರಲಿಲ್ಲವೆಂದು ನೆನಪಾದದ್ದು ರಾತ್ರಿ, ಮಲಗಿದ ಮೇಲೆ.

ಶಿವಮೊಗ್ಗದ ಅಂಗಡಿಯ ಹುಡುಗ ವಿವರಿಸಿದ: "ಇದು ನಿಮ್ಮ ಲೈಬ್ರರಿ ಇದ್ದ ಹಾಗೆ ಸಾರ್. ಫಾರ್ಮ್ಯಾಟ್ ಮಾಡಿದರೆ ಪಟ್ಟಿ ಹರಿದುಹೋಗುತ್ತೆ, ಪುಸ್ತಕಗಳು ಬೀರುವಿನಲ್ಲೇ ಇರುತ್ತವೆ. ಆದರೆ ಆಮೇಲೆ ನೀವು ಹೊಸ ಪುಸ್ತಕ ತಂದಿಟ್ಟಿರಿ. ಅಷ್ಟು ಜಾಗದ ಹಳೆಯವು ಹೋದವು. ಅಲ್ಲಿಗೇ ನಿಲ್ಲಿಸಿ ಕಾರ್ಡು ತೆಗೆದಿಟ್ಟಿದ್ದರೆ ಬಹುಶಃ ಎಲ್ಲ ಸಿಗುತ್ತಿತ್ತು."

ನಲವತ್ತಮೂರರಲ್ಲಿ ಹನ್ನೊಂದು ಬಂದವು. ಉಪ್ಪು ಹರಡುವ ಕೈ ಬಂದಿದೆ. ಮುಖವಿರುವುದು ಒಂದೂ ಇಲ್ಲ. ಆ ಸ್ಥಳದಲ್ಲಿ ತಲೆಕೆಳಗಾದ ಗೋಪುರವಿದೆ. ಕೊನೆಯದು ಅಮ್ಮ ತೆಗೆದದ್ದು. ಅದರಲ್ಲಿ ನಾನು ಓರೆಯಾಗಿ ನಿಂತಿದ್ದೇನೆ, ತಲೆ ಅರ್ಧ ಕತ್ತರಿಸಿಹೋಗಿದೆ; ಮೂಲೆಯಲ್ಲಿ ಮಸುಕಾದ ಒಂದು ನೆರಳು, ಅವಳ ಹೆಬ್ಬೆರಳು. ಗಾಜಿನ ಮೇಲಿನ ಗುರುತನ್ನು ನಾನು ಅಂದೇ ಒರೆಸಿದ್ದೆ. ಇದನ್ನು ಒರೆಸಲು ಮರೆತದ್ದು ನನ್ನ ಪುಣ್ಯ.

ಆ ಚಿತ್ರದ ಮೂರು ಪ್ರತಿಗಳು ಈಗ ಮೂರು ಕಡೆ ಇವೆ. ಒಂದು ತಮ್ಮನ ಮನೆಯಲ್ಲಿ. ಜಾಡಿ ನನ್ನ ಹೆಂಡತಿಯ ವಶದಲ್ಲಿದೆ, ಅದರ ಮಡಿ ಸಡಿಲವಾಗಿಲ್ಲ. ಕ್ಯಾಮರಾವನ್ನು ಮಾತ್ರ ನಮ್ಮ ಮನೆಗೆ ಬಂದವರು ಯಾರು ಬೇಕಾದರೂ ಮುಟ್ಟಬಹುದು. ಕೈ ಒಣಗಿದ್ದರೆ ಸಾಕು.