ಅಡ್ಡ ಹಿಡಿದ ಫೋನು

ನನ್ನ ಉದ್ಯೋಗವು ಮೊಬೈಲ್ ಫೋನುಗಳಿಗೆ ಆ್ಯಪ್ ಬರೆಯುವುದು. ಊರವರ ತಪ್ಪುಗಳನ್ನು ತಿದ್ದುವವನು ಸ್ವಂತ ಮನೆಯಲ್ಲಿಯೇ ತಪ್ಪಿತಸ್ಥನಾದ ಸಂಗತಿಯೊಂದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ತಂದೆಯವರು ತೀರಿಕೊಂಡ ಬಳಿಕ, ತಂಗಿಯ ಮದುವೆಯ ಹಳೆಯ ವೀಡಿಯೋ ಕ್ಯಾಸೆಟ್ಟನ್ನು ಫೋನಿನಲ್ಲಿ ನೋಡುವಂತೆ ಮಾಡಿಸಿ, ಅದಕ್ಕಾಗಿ ಅಮ್ಮನಿಗೆ ಒಂದು ಪುಟ್ಟ ಆ್ಯಪನ್ನು ಬರೆದುಕೊಟ್ಟೆನು. ತಂದೆಯವರು ಚಪ್ಪರದ ಕೆಳಗೆ ನಿಂತು, ಬಂದವರನ್ನೆಲ್ಲ "ಊಟವಾಯಿತೆ?" ಎಂದು ವಿಚಾರಿಸುವ ಭಾಗವು ಅದರ ಕೊನೆಯಲ್ಲಿದೆ. ತಿಂಗಳು ಕಳೆದು ಊರಿಗೆ ಹೋದಾಗ, "ಅಪ್ಪನನ್ನು ನೋಡಿದೆಯಾ, ಅಮ್ಮಾ?" ಎಂದು ಕೇಳಿದೆನು.

"ಎಲ್ಲಪ್ಪಾ! ಅವರು ಬರುವ ಹೊತ್ತಿಗೆ, ದೊಡ್ಡದಾಗಿ ಕಾಣಲಿ ಎಂದು ಫೋನನ್ನು ಅಡ್ಡ ಹಿಡಿಯುತ್ತೇನೆ. ಮತ್ತೆ ಮೊದಲಿನ ಓಲಗದಿಂದಲೇ ಶುರುವಾಗುತ್ತದೆ. ನನ್ನ ಕೈಯೇ ಸರಿಯಿಲ್ಲ" ಎಂದಳು.

ದೋಷವು ಅವಳ ಕೈಯದಲ್ಲ, ನನ್ನದು. ಆಂಡ್ರಾಯಿಡ್ ಫೋನನ್ನು ತಿರುಗಿಸಿದಾಗ, ಆ್ಯಪ್ ಬರೆದವನು ಬೇರೆ ಏರ್ಪಾಡು ಮಾಡಿರದಿದ್ದರೆ, ತೆರೆಯ ಮೇಲಿನ 'ಆಕ್ಟಿವಿಟಿ'ಯನ್ನು ಅದು ಕೆಡವಿ, ಹೊಸ ಅಗಲ ಎತ್ತರಗಳಿಗೆ ತಕ್ಕಂತೆ ಪುನಃ ಕಟ್ಟುತ್ತದೆ. ಕೆಡವುವ ಮುನ್ನ ಬೇಕಾದುದನ್ನು ಗಂಟುಕಟ್ಟಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ವೀಡಿಯೋ ಎಲ್ಲಿಗೆ ಬಂದಿತ್ತು, ಓಡುತ್ತಿತ್ತೋ ನಿಂತಿತ್ತೋ ಎಂಬಷ್ಟು ಆ ಗಂಟಿನಲ್ಲಿದ್ದರೆ ಕೆಲಸ ನಡೆಯುವುದು. ಪ್ಲೇಯರನ್ನೇ 2017ರಲ್ಲಿ ಬಂದ 'ವ್ಯೂಮಾಡೆಲ್'ನಲ್ಲಿ ಇರಿಸಿದರೆ, ತಿರುಗಿಸಿದ ಮಾತ್ರಕ್ಕೆ ಅದು ಅಳಿಯದು. ಆದರೆ ಮೆಮೊರಿ ಸಾಲದೆ ಫೋನು ಆ್ಯಪನ್ನೇ ಮುಚ್ಚಿಬಿಟ್ಟರೆ ಮತ್ತೆ ಗಂಟೇ ಗತಿ. ಇದೆಲ್ಲ ನನಗೆ ತಿಳಿಯದುದೇನೂ ಅಲ್ಲ. ಮೇಜಿನ ಮೇಲೆ ಫೋನನ್ನು ನೆಟ್ಟಗೆ ನಿಲ್ಲಿಸಿಯೇ ಪರೀಕ್ಷಿಸಿದ್ದೆನು, ಅಷ್ಟೆ.

ಆ ರಾತ್ರಿಯೇ ತಿದ್ದಿಕೊಟ್ಟೆನು. ಬೆಳಗ್ಗೆ ಬೇರೊಂದು ದೂರು ಕಾದಿತ್ತು. "ಇವರು ಇಷ್ಟು ದಪ್ಪ ಯಾವಾಗ ಇದ್ದರೋ?"

ಕ್ಯಾಸೆಟ್ಟಿನ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣವು 4:3. ಅಡ್ಡ ಹಿಡಿದ ಫೋನಿನ ತೆರೆಯಾದರೋ ಅದಕ್ಕಿಂತ ಬಹಳ ಅಗಲ. ತೆರೆ ತುಂಬಲೆಂದು ನಾನು ಚಿತ್ರವನ್ನು ಎಳೆದಿದ್ದೆನು. ಎಳೆಯದೆ ತುಂಬಿಸೋಣವೆಂದರೆ ಮೇಲೂ ಕೆಳಗೂ ಕತ್ತರಿಸಬೇಕು. ಅಪ್ಪನ ಪೇಟವೇ ಹೋಗುತ್ತಿತ್ತು. ತೆರೆಯಲ್ಲಿ ಒಂದಿಷ್ಟು ಜಾಗವೂ ಖಾಲಿ ಉಳಿಯಬಾರದೆಂದು ಹಟಹಿಡಿಯುವವರನ್ನು ನನ್ನ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರ ಮಾತನ್ನು ಬದಿಗಿರಿಸಿ, ಪ್ರಮಾಣವನ್ನು ಕಾಯ್ದು, ಎರಡು ಪಕ್ಕಗಳಲ್ಲಿಯೂ ಕಪ್ಪು ಪಟ್ಟಿಯನ್ನು ಬಿಟ್ಟೆನು.

ಮಧ್ಯಾಹ್ನ ಅಮ್ಮನು ಫೋನನ್ನು ಅಡ್ಡ ಹಿಡಿದಳು. ಓಲಗವು ಕೇಳಿಸಲಿಲ್ಲ. ಚಪ್ಪರದ ಕೆಳಗಿನಿಂದ ತಂದೆಯವರ ಧ್ವನಿ ಬಂದಿತು: "ಊಟವಾಯಿತೆ?"

"ಇನ್ನೂ ಇಲ್ಲ" ಎಂದಳು ಅಮ್ಮ, ತೆರೆಯಿಂದ ಕಣ್ಣು ತೆಗೆಯದೆ.