ಸಾಯಂಕಾಲದ ತಿಂಡಿಯೂ ದೇಹಪ್ರಕೃತಿಯೂ

ಉದ್ಯೋಗನಿಮಿತ್ತವಾಗಿ ನಾವು ಕೊರಿಯಾ ದೇಶದ ಸೋಲ್ ನಗರದಲ್ಲಿ ಬಿಡಾರ ಮಾಡಿದ ಎರಡನೆಯ ವರ್ಷದಲ್ಲಿ ನಮ್ಮ ಯಜಮಾನರ ಮೈ ಬಹಳ ಭಾರವಾಯಿತು. ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಅಂಶವು ಮಿತಿಯ ಅಂಚಿಗೆ ಬಂದಿದ್ದಿತು. ನನ್ನ ಮಾವನವರು ಮಧುಮೇಹದಿಂದಲೇ ಕಣ್ಣು ಕಳೆದುಕೊಂಡವರಾದುದರಿಂದ ನನಗೆ ನಿದ್ರೆ ಬಾರದಾಯಿತು. ನೆರೆಮನೆಯ ಹಿರಿಯಾಕೆಯ ಮಾತಿನಂತೆ ಇವರನ್ನು ಆ ದೇಶದ ಸಂಪ್ರದಾಯದ ವೈದ್ಯೆಯೊಬ್ಬರಲ್ಲಿಗೆ ಕರೆದೊಯ್ದೆನು.

ನಮ್ಮ ಆಯುರ್ವೇದದಲ್ಲಿ ವಾತ, ಪಿತ್ತ, ಕಫಗಳೆಂಬ ಭೇದವಿರುವಂತೆ ಅಲ್ಲಿಯೂ ಪ್ರಕೃತಿಭೇದವುಂಟು. ಲೀ ಜೆಮಾ ಎಂಬ ವೈದ್ಯನು 1894ರಲ್ಲಿ ಬರೆದ ಗ್ರಂಥದಲ್ಲಿ ಮನುಷ್ಯರನ್ನು ತೇಯಾಂಗ್, ತೇಉಮ್, ಸೋಯಾಂಗ್, ಸೋಉಮ್ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ವೈದ್ಯೆಯು ನಾಡಿ ನೋಡಿ, ಬೆವರು, ನಿದ್ರೆ, ಜೀರ್ಣಶಕ್ತಿಗಳನ್ನು ವಿಚಾರಿಸಿ, ಯಜಮಾನರದು ತೇಉಮ್ ಪ್ರಕೃತಿಯೆಂದರು. ಇಂಥವರ ಮೈ ಬೇಗ ಬೆಳೆಯುವುದಂತೆ. ಅಕ್ರೋಟು, ಮೂಲಂಗಿ, ಬಾರ್ಲಿಯನ್ನು ಹೋಲುವ ಯುಲ್‌ಮು ಎಂಬ ಧಾನ್ಯ, ಇವು ಅವರಿಗೆ ಹಿತವಂತೆ.

ನನಗೆ ಅಷ್ಟೇ ಸಾಕಾಯಿತು. ಅಂದಿನಿಂದ ದಿನವೂ ಸಂಜೆ ಬಟ್ಟಲು ತುಂಬ ಅಕ್ರೋಟನ್ನೂ, ಅಂಗಡಿಯಲ್ಲಿ ಕೊಂಡ ಯುಲ್‌ಮು ಚಹದ ಪುಡಿಯನ್ನು ಕದಡಿ ಎರಡು ಲೋಟವನ್ನೂ ಕೊಡುತ್ತ ಬಂದೆನು. ತಿಂಗಳು ಕಳೆಯುವಷ್ಟರಲ್ಲಿ ತೂಕವು ಇಳಿಯುವುದರ ಬದಲು 2 ಕಿಲೋ ಏರಿತು!

ದೂರು ಹೇಳಲೆಂದು ಹೋದಾಗ ವೈದ್ಯೆಯು ಡಬ್ಬಿಯನ್ನು ತರಿಸಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಿದರು. ಪುಡಿಯಲ್ಲಿ ಧಾನ್ಯದೊಡನೆ ಸಕ್ಕರೆಯೂ ಧಾರಾಳವಾಗಿದ್ದಿತು. ಅಕ್ರೋಟೋ, 100 ಗ್ರಾಮಿಗೆ ಸುಮಾರು 650 ಕ್ಯಾಲೊರಿ. “ತಾಯಿ, ಯಾವುದು ಹಿತವೆಂದು ನಾನು ಹೇಳಿದೆನು; ಎಷ್ಟೆಂದು ನೀವು ಕೇಳಲಿಲ್ಲ,” ಎಂದರು. ನಾನು ತಲೆ ತಗ್ಗಿಸಿದೆನು.

ನನ್ನ ನಾಡಿಯನ್ನೂ ನೋಡಿ, ನನ್ನದು ಸೋಉಮ್, ತಣ್ಣಗಿನ ಮಂದ ಜಠರವೆಂದರು. ಮೈ ಇಳಿಯಲೆಂದು ನಾನು ದಿನವೂ ತಿನ್ನುತ್ತಿದ್ದ ಹಸಿ ಸೌತೆಕಾಯಿಯಿಂದಲೇ ಹೊಟ್ಟೆನೋವು ಬರುತ್ತಿದ್ದುದೆಂದು ಅವರ ಅಭಿಪ್ರಾಯ. ಅದನ್ನು ಬಿಟ್ಟು ಬಿಸಿ ಶುಂಠಿಕಷಾಯ ಹಿಡಿದ ಮೇಲೆ ನೋವು ನಿಂತಿತು.

ಈ ನಾಲ್ಕು ವಿಭಾಗಗಳನ್ನು ಇಂದಿನ ವಿಜ್ಞಾನವು ಪೂರ್ಣವಾಗಿ ಸಿದ್ಧಪಡಿಸಿಲ್ಲ. ಆದುದರಿಂದ ನಾವು ರಕ್ತಪರೀಕ್ಷೆಯನ್ನೂ ಡಾಕ್ಟರರ ಸಲಹೆಯನ್ನೂ ಬಿಡಲಿಲ್ಲ. ಹುರಿದ ಯುಲ್‌ಮುವನ್ನು ಸಕ್ಕರೆಯಿಲ್ಲದೆ ಕುದಿಸಿದ ನೀರು, ಮೂಲಂಗಿಯ ಹೋಳು, ನಾಲ್ಕೇ ಅಕ್ರೋಟು: ಇದು ಯಜಮಾನರ ಸಂಜೆಯ ತಿಂಡಿಯಾಯಿತು. ಆರು ತಿಂಗಳಲ್ಲಿ 5 ಕಿಲೋ ಇಳಿದು, ರಕ್ತದ ಸಕ್ಕರೆಯೂ ಹತೋಟಿಗೆ ಬಂದಿತು. ಇದರಲ್ಲಿ ಪ್ರಕೃತಿಯ ಪಾಲೆಷ್ಟು, ಮಿತಿಯ ಪಾಲೆಷ್ಟು ಎಂದು ನಾನು ವಾದಿಸಲಾರೆನು. ಅಕ್ರೋಟನ್ನು ಮಾತ್ರ ಇಂದಿಗೂ ಎಣಿಸಿಯೇ ಬಡಿಸುತ್ತೇನೆ.